ಎರಡು ಚೀಲ ನಾಲ್ಕಾಗಿ ಕಂಡ ಬಗ್ಗೆ

ಇಂದ:
ಕುವಬಾರ ಚಿಯೆ, ನಿವೃತ್ತ ಗ್ರಂಥಪಾಲಕಿ,
ಕಸದ ಸರದಿಯ ಮೇಲ್ವಿಚಾರಕಿ (ಸದ್ಯ ಸಂಘದ ಕೃಪೆಯಿಂದ "ವಿಶ್ರಾಂತಿ"ಯಲ್ಲಿ)

ಗೆ:
ಶ್ರೀ ನಿಶಿಝಾವಾ, ಅಧ್ಯಕ್ಷರು, ಮತ್ಸುಗಾಯೆ ಓಣಿಯ ನೆರೆಹೊರೆ ಸಂಘ

ವಿಷಯ: ಶಿಯೋಮಿಯವರು ಸಭೆಯ ಮುಂದೆ ತಲೆಬಾಗಿ ಕ್ಷಮೆ ಕೇಳಬೇಕೆಂಬ ನಿರ್ಣಯ ರದ್ದುಪಡಿಸುವ ಕುರಿತು.

ಉಲ್ಲೇಖ: ಮನೆಯಿಂದ ಮನೆಗೆ ಕೈಬದಲಿಸುತ್ತ ಬಂದ ಸಂಘದ ಸುತ್ತೋಲೆ ಹಲಗೆ.

ಮಾನ್ಯರೇ,

1. ಮಳೆಗಾಲದ ಆರಂಭದಲ್ಲಿ ನನಗೆ ನೆಗಡಿಯಾಯಿತು. ನಾಲ್ಕು ಜನರೆದುರು ಸಿಂಬಳ ತೆಗೆಯುವುದು ನಮ್ಮಲ್ಲಿ ಸಭ್ಯತೆಯಲ್ಲವಾದ ಕಾರಣ, ಸಂಘದ ಸಭೆಗಳುದ್ದಕ್ಕೂ ಒಳಗೇ ಎಳೆದುಕೊಂಡೆ. ಆದ್ದರಿಂದ ಸೈನಸ್ಸಿಗೆ ಸೋಂಕು ತಗುಲಿ, ಬಾವು ಕಣ್ಣಿನತ್ತ ಹಬ್ಬಿ, ಒಂದು ಎರಡಾಗಿ ಕಾಣತೊಡಗಿತು.

2. ಮನೆಗೆ ಎರಡೇ ಚೀಲ ಕಸವೆಂಬುದು ನಿಯಮ. ನನಗೆ ನಾಲ್ಕು ಕಂಡ ಕಾರಣ ಎಲ್ಲರ ಕಸಕ್ಕೂ "ಹೆಚ್ಚಾಗಿದೆ" ಎಂಬ ಕೆಂಪು ಚೀಟಿ ಅಂಟಿಸಿದೆ. ಮುದುಕಿಗೆ ಎದುರಾಡಬಾರದೆಂದು ಎಲ್ಲರೂ ಚೀಲ ಮರಳಿ ಒಯ್ದರು. ತಾವಂತೂ, "ನಂದೇ ತಪ್ಪು ಕುವಬಾರ ಅವರೇ, ನಿಮಗೆ ಸುಮ್ನೆ ತೊಂದ್ರೆ ಕೊಟ್ಟೆ" ಎಂದಿರಿ. ತಮ್ಮ ಹಿತ್ತಿಲಲ್ಲಿ ಮೀನಿನ ತಲೆಗಳು ಕೊಳೆತ ಸಂಗತಿ ಈಗ ತಿಳಿದು ವಿಷಾದಿಸುತ್ತೇನೆ.

3. ಮೀನಂಗಡಿಯ ತೊಗಾಶಿಯವರೂ ಇಬ್ಬರಾಗಿ ಕಂಡು, ನಾನು ಅವರ ಪಕ್ಕದ ಖಾಲಿ ಜಾಗಕ್ಕೆ ತಲೆಬಾಗಿದಾಗ, ಅವರು ಸದ್ದಿಲ್ಲದೆ ಅಲ್ಲಿಗೇ ಸರಿದು ನಿಂತು ವಂದನೆ ಸ್ವೀಕರಿಸಿದರು. ಈ ದಯೆಯನ್ನು ಮರೆಯಲಾರೆ. ಆದರೆ ಇಂಥ ದಯೆಯ ದೆಸೆಯಿಂದಲೇ ನನ್ನ ಕಣ್ಣು ಸರಿಯಾಗಿದೆ ಎಂದು ನಂಬಿಕೊಂಡಿದ್ದೆ.

4. ಒಸಾಕಾದಿಂದ ಈಚೆಗೆ ಬಂದ ಶಿಯೋಮಿಯವರೊಬ್ಬರೇ ಬೀದಿಯಲ್ಲಿ ಕೂಗಿದರು: "ಏನಜ್ಜೀ, ಇರೋ ಎರಡು ಚೀಲಾನ ನಾಲ್ಕು ಅಂತೀರಲ್ಲ! ಕಣ್ಣು ಮನೇಲಿಟ್ಟು ಬಂದ್ರಾ? ಮೊದ್ಲು ಆ ಸಿಂಬಳ ತೆಗೀರಿ. ಹತ್ತಿ ಕಾರು, ಡಾಕ್ಟರ ಹತ್ರ ಹೋಗೋಣ!"

ವೈದ್ಯರು, "ಇನ್ನೂ ತಡ ಮಾಡಿದ್ರೆ ಕಣ್ಣೇ ಹೋಗ್ತಿತ್ತು" ಎಂದರು. ಮನೆ ಮುಟ್ಟುವವರೆಗೆ ಶಿಯೋಮಿಯವರು ನನ್ನ ತೋಳು ಬಿಡಲಿಲ್ಲ. ಬೈಯುವುದನ್ನೂ ಬಿಡಲಿಲ್ಲ.

5. "ಹಿರಿಯರನ್ನು ಬೀದಿಯಲ್ಲಿ ಗದರಿದ" ಕಾರಣಕ್ಕೆ ಅವರು ಭಾನುವಾರ ಕ್ಷಮೆ ಕೇಳಬೇಕೆಂದು ಹಲಗೆಯಲ್ಲಿದೆ. ಅವರು ಓಣಿಯನ್ನೇ ಬಿಡುವ ಮಾತಾಡುತ್ತಿದ್ದಾರೆ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಸದರಿ ನಿರ್ಣಯ ರದ್ದುಪಡಿಸಿ, ನನ್ನ ಸರದಿ ಮರಳಿಸಿ, ಶಿಯೋಮಿಯವರನ್ನು ನನ್ನ ಜೊತೆಗೆ ನೇಮಿಸಬೇಕಾಗಿ ಕೋರಿಕೆ. ಅವರು ಬಾಗಲೇಬೇಕೆಂದಾದರೆ ಅವರ ಪಕ್ಕದ ಜಾಗ ಖಾಲಿ ಬಿಡಿ. ನಾನು ಅಲ್ಲಿಗೆ ಸರಿದು ನಿಂತು, ಜೊತೆಗೆ ಬಾಗುತ್ತೇನೆ.

ತಮ್ಮ ವಿಶ್ವಾಸಿ,
ಕುವಬಾರ ಚಿಯೆ

ಲಗತ್ತುಗಳು: ವೈದ್ಯರ ಚೀಟಿ, ಉಳಿದ ಕೆಂಪು ಚೀಟಿಗಳು.

ವಿ.ಸೂ.: ಒಪ್ಪಿಗೆಯಿಲ್ಲದಿದ್ದರೆ "ಪರಿಶೀಲಿಸುತ್ತೇವೆ" ಎನ್ನದೆ "ಇಲ್ಲ" ಎಂದೇ ಬರೆಯಬೇಕಾಗಿ ವಿನಂತಿ. ನನ್ನ ಕಣ್ಣು ಈಗ ಚೆನ್ನಾಗಿದೆ, ಓದಬಲ್ಲೆ.