ಮೊದಲು ನಾನು, ಆಮೇಲೆ ಕರಿಯ

ಹಳಿಯಾಳದ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿರುವ ನನಗೆ ಇಂಥವೇ ಬಂದು ಗಂಟುಬೀಳುತ್ತವೆ. ಕಳೆದ ವರ್ಷ ಬಂದವರು ನಾಯಿಗಳ ಬಗ್ಗೆ ಸಂಶೋಧನೆ ಮಾಡುವ ಒಬ್ಬ ಮೇಡಂ. ನಾಯಿ ಎಚ್ಚರವಿದ್ದೇ ಸ್ಕ್ಯಾನಿಂಗ್ ಮಶೀನಿನೊಳಗೆ ಎಂಟು ನಿಮಿಷ ಅಲುಗಾಡದೆ ಮಲಗಬೇಕು. ಅದು ಯೋಚಿಸುವಾಗ ಮಿದುಳಿನ ಚಿತ್ರ ತೆಗೆಯುತ್ತಾರಂತೆ. "ನಮ್ಮ ಕರಿಯಾ ಮಲಗತಾನ್ರಿ" ಎಂದು ಮಾತು ಕೊಟ್ಟುಬಿಟ್ಟೆ. ತಿಂಗಳೊಳಗೆ ಕಲಿಯದಿದ್ದರೆ ಬೇರೆ ಊರಿನ ನಾಯಿ ನೋಡುತ್ತೇನೆ ಎಂದರು ಮೇಡಂ. ಹಳಿಯಾಳದ ಮಾನವೆಲ್ಲ ಕರಿಯನ ಬಾಲಕ್ಕೆ ಬಂತು.

ಡ್ರಮ್ಮು

ಅಭ್ಯಾಸಕ್ಕೆಂದು ತಳ ಕತ್ತರಿಸಿದ ನೀರಿನ ಡ್ರಮ್ಮನ್ನು ಅಂಗಳದಲ್ಲಿ ಅಡ್ಡ ಇಟ್ಟೆ. ಕರಿಯ ಹತ್ತಿರವೂ ಸುಳಿಯಲಿಲ್ಲ. ತೋರಿಸಿಕೊಡೋಣವೆಂದು ನಾನೇ ತೂರಿ, ಗದ್ದ ನೆಲಕ್ಕಿಟ್ಟು ಮಲಗಿದೆ. ಎಡಗೈ ಎತ್ತಿದರೆ ಬಿಸ್ಕೀಟು ಉಂಟು, ಬಲಗೈ ಎತ್ತಿದರೆ ಇಲ್ಲ ಎಂಬುದು ಮೇಡಂ ಹೇಳಿಕೊಟ್ಟ ಸನ್ನೆ. ಹೆಂಡತಿ ಎಡಗೈ ಎತ್ತಿದಳು, ಬಿಸ್ಕೀಟು ನಾನೇ ತಿಂದೆ.

ಬೇಲಿಯಾಚೆಯಿಂದ ಪಕ್ಕದ ಮನೆ ಅಜ್ಜಿ, "ಎಷ್ಟ ದಿನಾ ಆತವಾ ಇವಗ ಹಿಂಗಾಗಿ?" ಎಂದು ಹೆಂಡತಿಯನ್ನು ಕೇಳಿದಳು. ಸಂಜೆ ಅಜ್ಜಿಯೇ ಮಠದಿಂದ ವಿಭೂತಿ ತಂದು ನನ್ನ ಹಣೆಗೆ ಹಚ್ಚಿದಳು. ಕರಿಯನೂ ಮುಂದೆ ಬಂದ. "ನಿನಗ ಬ್ಯಾಡೋ, ನೀ ಶಾಣ್ಯಾ ಅದಿ" ಎಂದಳು.

ಸದ್ದು

ಮಶೀನು ಭಾರೀ ಸದ್ದು ಮಾಡುತ್ತದೆ, ನಾಯಿಗೆ ರೂಢಿಯಾಗಲಿ ಎಂದು ಮೇಡಂ ಅದನ್ನು ಮೊಬೈಲಿಗೆ ಕಳಿಸಿದರು. ಸ್ಪೀಕರಿಗೆ ಹಚ್ಚಿದೆ. ಅರ್ಧ ತಾಸಿನಲ್ಲಿ ಬಾಗಿಲಿಗೆ ಮೂರು ಭತ್ತದ ಚೀಲ ಬಂದವು.

"ಗಿರಣಿ ಹಾಕೀರಿ, ಹೇಳೇ ಇಲ್ಲಲ್ರೀ?"

"ಗಿರಣಿ ಅಲ್ರೀ, ನಾಯಿ ತಲಿ ನೋಡೂ ಮಶೀನು."

ಚೀಲ ತಂದವರು ಒಮ್ಮೆ ನಾಯಿಯನ್ನು, ಒಮ್ಮೆ ನನ್ನನ್ನು ನೋಡಿದರು. "ಅದಿರ್ಲಿ ಬಿಡ್ರಿ. ನುಚ್ಚು ಭಾಳ ಬೀಳತೈತೇನು?"

ಉಡದಾರ

ಹುಬ್ಬಳ್ಳಿಯಲ್ಲಿ ಸ್ಕ್ಯಾನಿಂಗ್ ದಿನ. ಕರಿಯ ಮಶೀನಿನ ಮುಂದೆ ಕೂತು ನನ್ನ ಮುಖ ನೋಡಿದ. ಒಳಗೆ ಮಾತ್ರ ಕಾಲಿಡಲಿಲ್ಲ. ತಿಂಗಳಿಡೀ ಮೊದಲು ನಾನು ಹೊಕ್ಕು, ಆಮೇಲೆ ಅವನು. ಅವನು ಕಲಿತದ್ದು ಅದನ್ನೇ.

"ಮೊದಲ ನಾ ಮಲಗಬೇಕಾಗತೈತ್ರಿ" ಎಂದೆ.

"ಹಂಗಾರ ಮೈಮ್ಯಾಲಿನ ಲೋಹಾ ಎಲ್ಲಾ ತಗೀರಿ" ಎಂದ ಮಶೀನಿನವ.

ವಾಚು, ಬೆಲ್ಟು ಹೋದವು. ಕೊನೆಗೆ ಬೆಳ್ಳಿ ಉಡದಾರ. ಗಂಡಸು ಅದನ್ನು ಸೊಂಟದಿಂದ ತೆಗೆಯಬಾರದು. ನಾನಂತೂ ಎಂದೂ ತೆಗೆದವನಲ್ಲ. ಊರಿನ ಮಾನ ನೆನೆದು ಬಿಚ್ಚಿದೆ. ಒಂದು ಕೈಯಲ್ಲಿ ಪ್ಯಾಂಟು ಹಿಡಿದು ಒಳಗೆ ಹೋಗಿ ಗದ್ದ ಊರಿದೆ. ಸದ್ದಿನಲ್ಲೂ ಏನೂ ಆಗುವುದಿಲ್ಲವೆಂದು ಕರಿಯನಿಗೆ ತಿಳಿಯಲೆಂದು ಮಶೀನನ್ನೂ ಶುರು ಮಾಡಿದರು. ಮೇಡಂ ಎದುರಿಗೆ ನಿಂತು ಸನ್ನೆ ಮಾಡಿದರು. ಆಮೇಲೆ ಕರಿಯ ಹೊಕ್ಕು ಎಂಟು ನಿಮಿಷ ಮೀಸೆಯನ್ನೂ ಅಲುಗಿಸಲಿಲ್ಲ. ನನಗೆ ಅಳುವೇ ಬಂತು.

ವಾರದ ಮೇಲೆ ಮೇಡಂ ಫೋನು. "ಚಿತ್ರಾ ಭಾಳ ಛಲೋ ಬಂದಾವ್ರಿ. ಎಡಗೈ ಎತ್ತಿದ ಕೂಡಲೇ ಮಿದುಳಿನ್ಯಾಗ ಆಸೆಯ ಜಾಗಾ ಝಗ್ ಅಂತ ಬೆಳಗೇತಿ."

"ನಮ್ಮ ಕರಿಯಾಂದೇನ್ರಿ?" ಎಂದೆ ಹಿಗ್ಗಿ.

"ಕರಿಯಾಂದೂ ಬೆಳಗೇತ್ರಿ. ನಿಮ್ಮಷ್ಟ ಅಲ್ಲ."