ಓಣಿಯ ಏಕೈಕ ಕಪ್ಪು ಕನ್ನಡಕದ ಸನ್ನಿಧಿಗೆ

ತಂಬೂರ ಗ್ರಾಮದಿಂದ

ಮಾನ್ಯ ಕಪ್ಪು ಕನ್ನಡಕದವರೇ,

ನಮ್ಮ ಓಣಿಯ ಹನ್ನೊಂದು ಮನೆಗಳ ಮೂಗುಗಳನ್ನು ಸರದಿಯಂತೆ ಅಲಂಕರಿಸಿ, ಪ್ರಸ್ತುತ ನನ್ನ ಬರೆಯುವ ಮಣೆಯ ಮೇಲೆ ವಿಶ್ರಮಿಸುತ್ತಿರುವ ತಮಗೆ ಸಾದರ ಪ್ರಣಾಮಗಳು. ಕೆಂಪೇರಿ, ಮರಳು ಹೊಕ್ಕಂತೆ ಚುಚ್ಚುತ್ತಿರುವ ಕಣ್ಣುಗಳಿಂದ ಬರೆಯುತ್ತಿರುವುದರಿಂದ ಸಾಲುಗಳು ಓರೆಯಾಗಿದ್ದರೆ ಮನ್ನಿಸಬೇಕು.

ಕಣ್ಣುಬೇನೆಯು ನೋಟದಿಂದಲೇ ಅಂಟುತ್ತದೆಂಬ ನಮ್ಮವರ ನಂಬಿಕೆಯೇ ತಮ್ಮ ವೈಭವಕ್ಕೆ ಅಡಿಪಾಯ. ಮೊದಲು ಬೇನೆಬಿದ್ದ ಸುಭಾಸನು ಊರನ್ನು ಕಾಪಾಡಲು ತಮ್ಮನ್ನು ಧರಿಸಿದನು. ಅವನನ್ನು ವಿಚಾರಿಸಲು ಬಂದ ಮುದಕಪ್ಪನು, ತನಗೆ ಬಾರದಿರಲೆಂದು, ಅವನ ಮೂಗಿನಿಂದಲೇ ತಮ್ಮನ್ನು ತೆಗೆದು ಏರಿಸಿಕೊಂಡನು. ಅಲ್ಲಿಂದ ತಾವು ಬಡವ ಬಲ್ಲಿದರೆಂಬ ಭೇದವೆಣಿಸದೆ ಮನೆಮನೆಗೆ ದಯಮಾಡಿಸಿದ್ದನ್ನು ಎಷ್ಟು ಹೊಗಳಿದರೂ ಸಾಲದು.

ಹಿತ್ತಲಾಚೆಯ ಮಗನ ಮನೆಗೆ ಬಾಣಂತನಕ್ಕೆಂದು ಬಂದಿರುವ ಮೊಮ್ಮಗಳು ರೋಹಿಣಿಯ ಕೂಸನ್ನು ನೋಡಲು ನಾನು ಎರಡು ದಿನ ಬಿಟ್ಟು ಹೋಗುವವನಿದ್ದಾಗ, ನೆರೆಯ ಮೈಲಾರವ್ವನು ತಮ್ಮನ್ನು ತಂದು, “ಅಜ್ಜಾರ, ಹಾದಿಯಾಗ ಯಾರ ಕಣ್ಣೂ ನಿಮಗ ತಾಗಬಾರದ್ರಿ, ಇದನ್ನ ಹಾಕ್ಕೊಂಡ ಅಡ್ಡಾಡ್ರಿ” ಎಂದು ಕೈಗಿತ್ತಳು. ಧರಿಸಿ ಎರಡು ದಿನ ಸುರಕ್ಷಿತವಾಗಿ ಅಡ್ಡಾಡಿದೆನು. ಮೂರನೆಯ ಬೆಳಗ್ಗೆ, ಕೂಸನ್ನು ನೋಡಬೇಕಿದ್ದ ದಿನವೇ, ರೆಪ್ಪೆಗಳು ತೆರೆಯಲಿಲ್ಲ.

ದವಾಖಾನೆಯ ವೈದ್ಯೆಯು ತಮ್ಮನ್ನು ಎರಡೇ ಬೆರಳುಗಳಿಂದ ಹಿಡಿದು ದೂರವಿಟ್ಟು, ಬೇನೆ ಹರಡುವುದು ನೋಟದಿಂದಲ್ಲ, ಕೈಯಿಂದ, ಅರಿವೆಯಿಂದ, ಇಂಥ ವಸ್ತುಗಳಿಂದ ಎಂದರು. ಕುದಿಸಿ ಆರಿಸಿದ ನೀರಿನಲ್ಲಿ ಶುಭ್ರವಾದ ಅರಿವೆಯನ್ನದ್ದಿ ಕಣ್ಣಿನ ಮೇಲಿಡಬೇಕು, ಆ ಅರಿವೆಯನ್ನು ಬೇರೆಯವರು ಬಳಸಬಾರದು, ಕಣ್ಣು ತಿಳಿಯಾಗುವವರೆಗೆ ಕೂಸಿನ ಬಳಿ ಸುಳಿಯಬಾರದು ಎಂದು ಅಪ್ಪಣೆಯಾಯಿತು. ಮಡದಿ ಮಲ್ಲಕ್ಕನು ಇಟ್ಟ ತಣ್ಣನೆಯ ಅರಿವೆಯಿಂದ ಉರಿ ಶಮನವಾಗುತ್ತಿದೆ. ಕೂಸಿನ ಅಳು ಮಾತ್ರ ದಿನವೂ ಗೋಡೆ ದಾಟಿ ಬರುತ್ತದೆ. ಮುಖವನ್ನು ನಾನಿನ್ನೂ ಕಂಡಿಲ್ಲ.

ಆದಕಾರಣ, ಇನ್ನು ಮುಂದೆ ತಾವು ಒಂದು ಮೂಗಿನಿಂದ ಮತ್ತೊಂದಕ್ಕೆ ಏರುವ ಮುನ್ನ ತಾವಾಗಿಯೇ ನಲ್ಲಿಯ ತನಕ ನಡೆದು, ಸಾಬೂನು ಹಚ್ಚಿಕೊಂಡು ಮಿಂದು, ಬಿಸಿಲಿನಲ್ಲಿ ಮೈ ಒಣಗಿಸಿಕೊಳ್ಳುವ ಕೃಪೆ ಮಾಡಬೇಕೆಂದು ಪ್ರಾರ್ಥಿಸುತ್ತೇನೆ.

ಒಂದಕ್ಷರವೂ ಸರಿಯಾಗಿ ಕಾಣದಿದ್ದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮಡಿವಾಳೆಪ್ಪ

ಕೊನೆಯ ಮಾತು: ಸೊಸೆ ನೀಲಕ್ಕನು ಈಗಷ್ಟೇ ಹೇಳಿಕಳುಹಿಸಿದ್ದಾಳೆ: ಕಣ್ಣು ಕೆಂಪಗಿದ್ದರೂ ಚಿಂತೆಯಿಲ್ಲವಂತೆ, ಓಣಿಯ ಕಪ್ಪು ಕನ್ನಡಕ ಧರಿಸಿ ಬಂದರೆ ಈ ಸಂಜೆಯೇ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸುವಳಂತೆ. ಕೇಳಿದವನೇ ಎದ್ದು, ತಮ್ಮನ್ನು ಮಣೆಯಿಂದ ಕುರ್ಚಿಗೆ ಸ್ಥಳಾಂತರಿಸಿ, ಅತ್ಯಂತ ಗೌರವದಿಂದ ತಮ್ಮ ಮೇಲೆ ಕುಳಿತುಬಿಟ್ಟಿದ್ದೇನೆ. ಓಣಿಯವರು ಕೇಳಿದರೆ ಕಣ್ಣು ಕಾಣಿಸಲಿಲ್ಲವೆಂದು ಹೇಳುವೆನು.