ಎರಡೆರಡು ಅಕ್ಷರದ ಕಾಲಾಣೆ

ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡು ಓಡಾಡುವವನು ನಗೆಪಾಟಲಾಗಲು ಬೇರೆ ಪ್ರಯತ್ನ ಮಾಡಬೇಕಿಲ್ಲ. ನಮ್ಮ ಧಾರವಾಡದಲ್ಲಂತೂ ನೆರೆಹೊರೆಯವರೆಲ್ಲ ಅದಕ್ಕೆ ಪ್ರೀತಿಯಿಂದ ಕೈಜೋಡಿಸುತ್ತಾರೆ.

ಹೊಸ ಪೈಸೆ ಬಂದು, ಹಳೆಯ ತಾಮ್ರದ ಕಾಲಾಣೆಗಳನ್ನು ಎಲ್ಲರೂ ಸಾಗಹಾಕುತ್ತಿದ್ದ ಕಾಲ. ನನ್ನ ಹೆಂಡತಿ ಒಂದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತ, “ಇಲ್ನೋಡ್ರಿ, ಇದರ ಮ್ಯಾಲಿನ ಅಕ್ಷರ ಎರಡೆರಡು ಅದಾವ” ಎಂದಳು. ಹೌದು, ಇದ್ದವು. ನಾಣ್ಯ ಒತ್ತುವ ಅಚ್ಚನ್ನು ತಯಾರಿಸುವಾಗಲೇ ಅಕ್ಷರ ಎರಡು ಸಲ ಬಿದ್ದು, ಒಂದು ತುಸು ಸರಿದರೆ ಹೀಗಾಗುತ್ತದೆ. ಹುಬ್ಬಳ್ಳಿಯಲ್ಲಿ ನಾಣ್ಯ ಬಲ್ಲ ಹಿರಿಯರೊಬ್ಬರು ನೋಡಿ, “ತಪ್ಪು ಅಚ್ಚಿನದಾದ್ರ, ಅದ ಅಚ್ಚಿನ ಬ್ಯಾರೆ ಕಾಲಾಣೆಯೊಳಗೂ ಹಿಂಗ ಇರಬೇಕು. ಜೋಡಿ ತರ್ರಿ, ಒಪ್ತೇನಿ” ಎಂದರು.

ಜೋಡಿ ಸಿಗುವ ಮೊದಲೇ ಅವಳು ತೀರಿಹೋದಳು. ಅವಳು ಕಂಡದ್ದು ಖರೇ ಎಂದು ತೋರಿಸುವ ಕೆಲಸ ನನಗೆ ಉಳಿಯಿತು.

ಅಂಗಡಿಯ ತಕ್ಕಡಿ

ಪೇಟೆಯ ಒಂದು ಕಿರಾಣಿ ಅಂಗಡಿಯವರು ತಕ್ಕಡಿಯ ಎರಡು ತಟ್ಟೆ ಸಮ ಮಾಡಲು ಒಂದರ ಕೆಳಗೆ ಹಳೆಯ ಕಾಲಾಣೆಗಳನ್ನು ಕಟ್ಟಿದ್ದರು. ನಾನು ಬಗ್ಗಿ, ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡತೊಡಗಿದೆ. ಹೊಸ ಕಿಲೋ ತೂಕದ ತಪಾಸಣೆಗೆ ಸರಕಾರಿ ಸಾಹೇಬರು ಅಂಗಡಿ ಅಂಗಡಿಗೆ ಬರುತ್ತಿದ್ದ ದಿನಗಳು. ಅವರು ಗಾದಿಯಿಂದ ಇಳಿದೇ ಬಂದರು.

“ಸಾಹೇಬ್ರ, ಮೊದಲ ಚಾ ತಗೋರಿ. ಹೊಸಾ ತಕ್ಕಡಿ ನಾಳೆನ ತರಸ್ತೇನಿ.”

“ನಾ ಸಾಲಿ ಮಾಸ್ತರ ರೀ.”

“ಹೌದ್ರಿ, ನೀವು ಹಂಗ ಹೇಳಬೇಕಾಗ್ತದ. ನಮಗ ತಿಳೀತದ.”

ಅಲ್ಲಿ ಜೋಡಿ ಸಿಗಲಿಲ್ಲ. ಆದರೆ ಅಂದಿನಿಂದ ಆ ಅಂಗಡಿಯಲ್ಲಿ ನನಗೆ ತೊಗರಿಬೇಳೆ ತೂಕಕ್ಕಿಂತ ಒಂದು ಹಿಡಿ ಹೆಚ್ಚೇ ಬೀಳುತ್ತದೆ.

ಹೆಡ್‌ಮಾಸ್ತರರ ಕಣ್ಣು

ನಮ್ಮ ಓಣಿಯ ನಿವೃತ್ತ ಹೆಡ್‌ಮಾಸ್ತರರು ನೆರವಿಗೆ ಬಂದರು. ನಾನು ಗುರುತು ಹೇಳಿಕೊಟ್ಟೆ: ಅಚ್ಚಿನದೇ ತಪ್ಪಾದರೆ ಎರಡೂ ಗೆರೆ ಉಬ್ಬಿರುತ್ತವೆ, ಅಕ್ಷರದ ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ, ಒತ್ತುವಾಗ ಅಲುಗಿದ್ದಷ್ಟೇ ಆದರೆ ಎರಡನೆಯ ಗೆರೆ ಚಪ್ಪಟೆ.

ಮೊದಲ ಕಾಲಾಣೆ ನೋಡಿ “ಸಿಕ್ತು!” ಎಂದರು. ಎರಡನೆಯದಕ್ಕೂ “ಸಿಕ್ತು!” ನಾನು ಕೂಡಿಸಿಟ್ಟ ಡಬ್ಬಿಯಲ್ಲಿದ್ದವೆಲ್ಲ ಸಿಕ್ಕವು. ನನಗೆ ಸಂಶಯ ಬಂದು ಗೋಡೆಯ ಕ್ಯಾಲೆಂಡರ್ ತೋರಿಸಿದೆ.

“ಇದನ್ನೂ ಆ ಟಂಕಸಾಲಿಯವರ ಛಾಪಿಸ್ಯಾರೇನ್ರಿ?” ಎಂದರು.

ಮರುದಿನ ಕಣ್ಣಿನ ದವಾಖಾನೆಗೆ ಕರೆದೊಯ್ದೆ. ಪೊರೆ ತೆಗೆದರು; ವಾಸಿಯಾದ ಮೇಲೆ ದಪ್ಪ ಗಾಜಿನ ಕನ್ನಡಕ ಬಂತು. “ನಿಮ್ಮ ಮನಿಯವರ ಕಾಲಾಣೆಯಿಂದ ನನ್ನ ಕಣ್ಣು ಉಳದಾವ ನೋಡ್ರಿ” ಎಂದು ನನ್ನ ಕೈ ಹಿಡಿದುಕೊಂಡರು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಇಷ್ಟು ದಿನ ನಿಮ್ಮನ್ನ ದಪ್ಪ ಅಂತ ತಿಳದಿದ್ದೆ!” ಎಂದರು.

ಕಾಕು ತೆಗೆದ ದೃಷ್ಟಿ

ಎದುರು ಮನೆಯ ಕಾಕು ಓಣಿಗೆಲ್ಲ ಚಿಕ್ಕಮ್ಮ, ನನ್ನ ಹೆಂಡತಿಗೆ ಗೆಳತಿ. ಅವಳು ಹೋದಂದಿನಿಂದ ನನಗೆ ರೊಟ್ಟಿ-ಪಲ್ಯ ಅವರ ಮನೆಯದೇ. ದಿನಾ ಸಂಜೆ ಒಂದು ಕಣ್ಣು ಮುಚ್ಚಿ, ಕಾಲಾಣೆ ನೋಡುತ್ತ ಗೊಣಗುವ ನನಗೆ ಯಾರದೋ ದೃಷ್ಟಿ ತಾಗಿದೆ ಎಂದು ಅವರು ತೀರ್ಮಾನಿಸಿದರು. ಒಂದು ಸಂಜೆ ಉಪ್ಪು, ಒಣ ಮೆಣಸಿನಕಾಯಿ, ತಾಮ್ರದ ಕಾಲಾಣೆ ಹಿಡಿದು ಬಂದರು. ಇಳಿಸಿದ ಮೇಲೆ ಮೆಣಸಿನಕಾಯಿ ಬೆಂಕಿಗೆ, ಕಾಲಾಣೆ ಮೂರು ದಾರಿ ಕೂಡುವಲ್ಲಿಗೆ.

“ಸುಮ್ಮನ ಕೂಡ್ರಿ, ಮಾಸ್ತರ್ರ.”

ಕೂತೆ. ಅವರ ಕೈ ನನ್ನ ಮುಖದ ಮುಂದೆ ಸುಳಿಯಿತು. ಬೆರಳ ಸಂದಿಯ ಕಾಲಾಣೆಯ ಮೇಲೆ ಅಕ್ಷರ ಎರಡೆರಡು! ಥಟ್ಟನೆ ಎದ್ದು ಅವರ ಕೈ ಹಿಡಿದು, “ಬಂತು! ಬಂತು!” ಎಂದು ಕೂಗಿದೆ.

“ಅಯ್ಯ ಶಿವನ!” ಕಾಕು ಹೌಹಾರಿದರು. “ಇಷ್ಟು ಲಗೂ ಹೊರಗ ಬರ್ತದಂತ ಗೊತ್ತಿರಲಿಲ್ಲಲ್ಲ!”

ವಿಷಯ ತಿಳಿಸಿದೆ. ಅವರು ಒಪ್ಪಲಿಲ್ಲ. “ದೃಷ್ಟಿ ತೆಗೆದದ್ದು ಮನ್ಯಾಗ ಇಡಬಾರದು. ಒಗೀಬೇಕು ಅಂದ್ರ ಒಗೀಬೇಕು.” ಕೊನೆಗೆ ರಾಜಿಯಾಯಿತು. ಅವರು ಮೂರು ದಾರಿಯಲ್ಲಿ ಒಗೆದು, ಹಿಂದಿರುಗಿ ನೋಡದೆ ಬಂದರು. ನಾನು ಹೋಗಿ ಧೂಳಿನಲ್ಲಿ ತಡಕಾಡತೊಡಗಿದೆ. ಹೆಡ್‌ಮಾಸ್ತರರು ತಮ್ಮ ಕಟ್ಟೆಯಿಂದಲೇ ಕೂಗಿದರು: “ಅಗಾ, ನಿಮ್ಮ ಕಾಲ ಹತ್ರನ ಅದ! ಒಂದ ಕಾಣ್ತದ, ಒಂದ!”

ಮನೆಗೆ ತಂದು ಅವಳ ಕಾಲಾಣೆಯ ಪಕ್ಕದಲ್ಲಿಟ್ಟೆ. ಅದೇ ಅಕ್ಷರ, ಅದೇ ತುದಿ, ಅದೇ ಕಚ್ಚು. ಅವಳು ಕಂಡದ್ದು ಖರೇ. ಭೂತಗನ್ನಡಿಯಲ್ಲಿ ಮುಂದೆ ಏನೂ ಕಾಣದಾಯಿತು.

“ಯಾಕ್ರಿ ಮಾಸ್ತರ್ರ, ಕಣ್ಣಾಗ ನೀರು?” ಎಂದರು ಕಾಕು.

“ಮೆಣಸಿನಕಾಯಿ ಹೊಗಿ ರೀ. ಭಾಳ ಘಾಟು.”

ಕಾಕು ಮುಷ್ಟಿ ಬಿಚ್ಚಿ ಮೆಣಸಿನಕಾಯಿ ತೋರಿಸಿದರು.

“ಇನ್ನೂ ಒಲಿಗೆ ಹಾಕೇ ಇಲ್ಲಲ್ರಿ!”